ಹಾಳೆ ತಟ್ಟೆಗೆ ಬಿದ್ದ ತಡೆ: ಶಿರಸಿ ಸೀಮೆಯ ಸಣ್ಣ ಘಟಕಗಳಿಗೆ ಬೇಕಾದ ನೆರವು ಯಾವುದು?

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳನ್ನು ತಯಾರಿಸುವವರಿಗೂ ಮಾರುವವರಿಗೂ ಪತ್ರ ಬರೆಯಿತು. ಹಾಳೆಯಲ್ಲಿರುವ, ಸಸ್ಯಗಳಲ್ಲಿ ಸಹಜವಾಗಿ ಹುಟ್ಟುವ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಲ್ಲವು, ಈ ಬಳಕೆಗೆ ತನ್ನ ಅನುಮತಿ ಇಲ್ಲ, ಆದ್ದರಿಂದ ಇವನ್ನು ಊಟದ ತಟ್ಟೆಯಾಗಿ ಅಮೆರಿಕದಲ್ಲಿ ಮಾರಬಾರದು ಎಂಬುದು ಪತ್ರದ ಸಾರ. ನಾಲ್ಕು ತಿಂಗಳೊಳಗೆ, ಆಗಸ್ಟ್ 27ಕ್ಕೆ, ಭಾರತದ ಬಹುಪಾಲು ಸರಕುಗಳ ಮೇಲೆ ಅಮೆರಿಕದ ಸುಂಕ 50 ಪ್ರತಿಶತಕ್ಕೆ ಏರಿತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ನವೆಂಬರ್ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು.

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳ ನಡುವೆ ನಾಲ್ಕೈದು ಯಂತ್ರ ಹಾಕಿಕೊಂಡು ತಟ್ಟೆ ಒತ್ತುವವರ ಪಾಲಿಗೆ ಇವೆಲ್ಲ ಒಂದರ ಮೇಲೊಂದು ಬಂದು ಬಿದ್ದ ಸುದ್ದಿಗಳು. ಅಡಿಕೆಯೇ ನಿಷೇಧವಾಯಿತೇ? ಸುಂಕ ಇಳಿದರೆ ವ್ಯಾಪಾರ ಮತ್ತೆ ಶುರುವಾಗುತ್ತದೆಯೇ? ಊರಿನ ಮದುವೆಗೆ ತಟ್ಟೆ ಕೊಡುವವರಿಗೂ ಇದು ತಾಗುತ್ತದೆಯೇ? ಈ ಪ್ರಶ್ನೆಗಳು ಒಂದಕ್ಕೊಂದು ತಳಕು ಹಾಕಿಕೊಂಡಿವೆ. ಬಿಡಿಸಿ ನೋಡದೇ ಹೋದರೆ ಪರಿಹಾರವೂ ತಪ್ಪು ಜಾಗದಲ್ಲಿ ಹುಡುಕಿದಂತಾಗುತ್ತದೆ.

ಪತ್ರ ಹೇಳಿದ್ದೇನು, ಹೇಳದೇ ಇದ್ದದ್ದೇನು

ಮೊದಲು ಅಡಿಕೆಯನ್ನೂ ಹಾಳೆಯನ್ನೂ ಬೇರೆ ಮಾಡಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿ ಕೆಲಸ ಮಾಡುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ಆ ತೀರ್ಮಾನ ಅಡಿಕೆ ಕಾಯಿಯನ್ನು ಜಗಿಯುವುದಕ್ಕೆ ಸಂಬಂಧಿಸಿದ್ದು. ಅದರ ಬಗ್ಗೆ ಬೆಳೆಗಾರರ ಆಕ್ಷೇಪಗಳಿವೆ, ಆ ಚರ್ಚೆ ಬೇರೆ. ಹಾಳೆ ಎಂದರೆ ಸೋಗೆಯ ಬುಡದಲ್ಲಿ ಮರವನ್ನು ಅಪ್ಪಿಕೊಂಡಿರುವ ಭಾಗ. ಅದನ್ನು ಯಾರೂ ಜಗಿಯುವುದಿಲ್ಲ. ಅದರ ಮೇಲೆ ಬಡಿಸಿದ ಅನ್ನಕ್ಕೆ ಏನಾದರೂ ಇಳಿಯುತ್ತದೆಯೇ, ಇಳಿದರೆ ಎಷ್ಟು ಎಂಬುದಷ್ಟೇ ಪ್ರಶ್ನೆ.

ಅಡಿಕೆಯಲ್ಲಿ ಅರೆಕೋಲಿನ್ ಸೇರಿ ನಾಲ್ಕು ಮುಖ್ಯ ಆಲ್ಕಲಾಯ್ಡ್‌ಗಳಿವೆ. ಅದೇ ಮರದ ಹಾಳೆಯಲ್ಲೂ ಅವು ಇರಬಹುದು ಎಂಬುದನ್ನು ತಳ್ಳಿಹಾಕುವಂತಿಲ್ಲ. ಪತ್ರದಿಂದ ಎರಡು ತಪ್ಪು ಅರ್ಥಗಳು ಹುಟ್ಟಿಕೊಂಡಿವೆ. ಹಾಳೆ ತಟ್ಟೆಯಲ್ಲಿ ಉಂಡರೆ ಕ್ಯಾನ್ಸರ್ ಬರುತ್ತದೆ ಎಂದು ಸಾಬೀತಾಗಿದೆ ಎನ್ನುವುದು ಒಂದು. ಇದೆಲ್ಲ ಬರೀ ವ್ಯಾಪಾರದ ಹುನ್ನಾರ, ಇದರಲ್ಲಿ ಏನೂ ಹುರುಳಿಲ್ಲ ಎನ್ನುವುದು ಇನ್ನೊಂದು. ಎಫ್‌ಡಿಎ ಹೇಳಿದ್ದು ಇವೆರಡರ ನಡುವಿನ ಮಾತು: ಸುರಕ್ಷಿತ ಎಂದು ಒಪ್ಪಲು ಬೇಕಾದ ಆಧಾರ ತನ್ನ ಮುಂದೆ ಇಲ್ಲ, ಅನುಮಾನಕ್ಕೆ ಆಧಾರ ಇದೆ.

ಪುರಾವೆಯ ಹೊರೆ ಯಾರದು?

ನಮ್ಮಲ್ಲಿ ಸಾಮಾನ್ಯ ಬುದ್ಧಿ ಹೇಳುವುದು ಹೀಗೆ: ಯಾರು ದೂರುತ್ತಾರೋ ಅವರೇ ತಪ್ಪು ತೋರಿಸಬೇಕು. ಅಮೆರಿಕದ ಆಹಾರ ಕಾನೂನು ಈ ವಿಷಯದಲ್ಲಿ ತಿರುಗುಮುರುಗು. 1958ರಲ್ಲಿ ಆ ಕಾನೂನಿಗೆ ಆದ ತಿದ್ದುಪಡಿಯ ಪ್ರಕಾರ ಆಹಾರಕ್ಕೆ ಸೇರುವ, ಅಥವಾ ಪಾತ್ರೆ-ಪೊಟ್ಟಣದಿಂದ ಆಹಾರಕ್ಕೆ ಇಳಿಯಬಹುದಾದ ಪದಾರ್ಥಕ್ಕೆ ಮುಂಚಿತವಾಗಿ ಅನುಮತಿ ಬೇಕು. ಇಲ್ಲವೇ ತಜ್ಞರ ನಡುವೆ ಅದು ಸುರಕ್ಷಿತ ಎಂಬ ಸಾಮಾನ್ಯ ಒಪ್ಪಿಗೆ ಇರಬೇಕು. ಎರಡೂ ಇಲ್ಲದಿದ್ದರೆ ಅದು ಅಕ್ರಮ. ಹಾನಿಯನ್ನು ತೋರಿಸುವ ಹೊಣೆ ಸಂಸ್ಥೆಯ ಮೇಲಿಲ್ಲ, ನಿರಪಾಯವನ್ನು ತೋರಿಸುವ ಹೊಣೆ ತಯಾರಕನ ಮೇಲಿದೆ.

ಇದು ಅರ್ಥವಾದರೆ ಉಳಿದದ್ದು ಸರಾಗವಾಗಿ ತಿಳಿಯುತ್ತದೆ. ನೂರಾರು ವರ್ಷಗಳಿಂದ ಬಳಸುತ್ತಿದ್ದೇವೆ ಎಂಬ ಮಾತು ಅಲ್ಲಿ ತಾನಾಗಿಯೇ ಪುರಾವೆಯಾಗುವುದಿಲ್ಲ. 1958ಕ್ಕಿಂತ ಹಿಂದಿನಿಂದ ಆಹಾರದಲ್ಲಿ ಸಾಮಾನ್ಯ ಬಳಕೆಯಲ್ಲಿದ್ದದ್ದನ್ನು ಆ ಕಾನೂನು ಒಂದು ಆಧಾರವಾಗಿ ನೋಡುತ್ತದೆ ನಿಜ, ಆದರೆ ಅದಕ್ಕೂ ದಾಖಲೆ ಬೇಕು. ಇಲ್ಲಿ ನಾವು ಪ್ರಾಮಾಣಿಕವಾಗಿ ಒಪ್ಪಬೇಕಾದ ಸಂಗತಿಯೂ ಇದೆ. ಮಲೆನಾಡಿನಲ್ಲಿ ಊಟದ ಸಂಪ್ರದಾಯ ಬಾಳೆ ಎಲೆಯದು. ಹಾಳೆ ಬಳಕೆಯಲ್ಲಿತ್ತು, ಆದರೆ ಟೊಪ್ಪಿಯಾಗಿ, ಬೀಸಣಿಗೆಯಾಗಿ, ನೀರು ಮೊಗೆಯಲು, ಏನನ್ನಾದರೂ ಕಟ್ಟಿಡಲು. ಬಿಸಿ ಅಚ್ಚಿನಲ್ಲಿ ಒತ್ತಿದ ಊಟದ ತಟ್ಟೆ ಈಚಿನ ದಶಕಗಳ ವಸ್ತು. ಪರಂಪರೆಯ ವಾದವನ್ನೇ ನೆಚ್ಚಿಕೊಂಡು ಕೂತರೆ ಆ ವಾದ ಬಲವಾಗಿ ನಿಲ್ಲುವುದಿಲ್ಲ.

ಸುಂಕಕ್ಕೂ ಈ ತಡೆಗೂ ಇರುವ ವ್ಯತ್ಯಾಸವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಸುಂಕ ಎಂದರೆ ಬೆಲೆ. ಅದು ಏರುತ್ತದೆ, ಮಾತುಕತೆಯಾದರೆ ಇಳಿಯುತ್ತದೆ, ಮಾರುವವರೂ ಕೊಳ್ಳುವವರೂ ಹಂಚಿಕೊಂಡು ಭರಿಸಬಹುದು. ಅನುಮತಿ ಇಲ್ಲ ಎಂದರೆ ಬಾಗಿಲೇ ಮುಚ್ಚಿದಂತೆ. ಸುಂಕ ಸೊನ್ನೆಗೆ ಇಳಿದರೂ ತಟ್ಟೆಯ ಪೆಟ್ಟಿಗೆ ಬಂದರು ದಾಟುವುದಿಲ್ಲ. ಅಮೆರಿಕದೊಂದಿಗಿನ ವ್ಯಾಪಾರ ಮಾತುಕತೆಯ ಸುದ್ದಿಯನ್ನೇ ಕಾಯುತ್ತಿರುವ ಘಟಕಗಳು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಏಟು ಬಿದ್ದ ಹೊತ್ತು

ಹಾಳೆ ತಟ್ಟೆ ಒತ್ತುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಮೇ ತಿಂಗಳ ಪತ್ರ ಏಕೆ ಅಷ್ಟು ನೋವು ಕೊಟ್ಟಿತೆಂದು ತಿಳಿಯುತ್ತದೆ.

ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಅವು ಬೀಳುವುದು ವರ್ಷವಿಡೀ ಆದರೂ ತಟ್ಟೆಗೆ ಆಗುವುದು ಒಣ ದಿನಗಳಲ್ಲಿ ಬಿದ್ದವು ಮಾತ್ರ. ನೆಲದಲ್ಲಿ ಒಂದೆರಡು ದಿನ ಹೆಚ್ಚು ಬಿದ್ದಿದ್ದರೆ, ಒಂದು ಮಳೆ ತಾಗಿದರೆ, ಒಳಮೈಯಲ್ಲಿ ಕಪ್ಪು ಚುಕ್ಕೆ ಏಳುತ್ತದೆ. ಆದ್ದರಿಂದ ಡಿಸೆಂಬರ್‌ನಿಂದ ಮೇ ತನಕ ಹಾಳೆ ಆರಿಸಿ, ಬಿಸಿಲಿಗೆ ಒಣಗಿಸಿ, ಕಟ್ಟು ಕಟ್ಟಿ, ಸೋರದ ಗೋದಾಮಿನಲ್ಲಿ ಪೇರಿಸಬೇಕು. ವರ್ಷವಿಡೀ ಬೇಕಾಗುವ ಕಚ್ಚಾವಸ್ತುವನ್ನು ಈ ಐದಾರು ತಿಂಗಳಲ್ಲೇ, ರೊಕ್ಕ ಕೊಟ್ಟು, ಕೊಂಡಿಡಬೇಕು. ಆಮೇಲೆ ಮಳೆಗಾಲದಲ್ಲಿ ಅದನ್ನೇ ಸ್ವಲ್ಪ ಸ್ವಲ್ಪ ತೆಗೆದು ನೀರಿನಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ ತೊಳೆದು, ನೀರು ಬಸಿದು, ಕಾದ ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ. ಹಸಿ ಹಾಳೆ ಅಚ್ಚಿಗೆ ತಾಗಿದಾಗ ಬುಸ್ಸೆಂದು ಹಬೆ ಏಳುತ್ತದೆ. ಸುಮಾರು ಒಂದು ನಿಮಿಷದಲ್ಲಿ ಗಟ್ಟಿ ತಟ್ಟೆ ಹೊರಗೆ ಬರುತ್ತದೆ. ಅಂಚು ಕತ್ತರಿಸಿ, ಮತ್ತೊಮ್ಮೆ ಒಣಗಿಸಿ, ಕಟ್ಟುತ್ತಾರೆ. ತೇವ ಉಳಿದರೆ ಬೂಷ್ಟು. ಪೆಟ್ಟಿಗೆ ಪೆಟ್ಟಿಗೆಯೇ ವಾಪಸು ಬರುವುದು ಬಹುಪಾಲು ಬೂಷ್ಟಿನಿಂದಲೇ.

ಮೇ ತಿಂಗಳೆಂದರೆ ಗೋದಾಮು ತುಂಬಿರುವ, ಕೈ ಬರಿದಾಗಿರುವ, ಸಾಲ ಮೇಲ್ಮಿತಿ ಮುಟ್ಟಿರುವ ಹೊತ್ತು. ಜನವರಿಯಲ್ಲಿ ಆರ್ಡರ್ ನಿಂತಿದ್ದರೆ ಹಾಳೆ ಕೊಳ್ಳುವುದನ್ನಾದರೂ ತಡೆಯಬಹುದಿತ್ತು. ಅಮೆರಿಕದ ಮಾರುಕಟ್ಟೆಗೆ ಕಳಿಸುವ ರಫ್ತುದಾರನನ್ನು ನಂಬಿದ ಘಟಕದ ಪಾಲಿಗೆ ಈ ಸುದ್ದಿ ವರ್ಷದ ಅತಿ ಕೆಟ್ಟ ತಿಂಗಳಲ್ಲಿ ಬಂತು. ದೊಡ್ಡ ಕಾರ್ಖಾನೆ ಮಾರುಕಟ್ಟೆ ಬದಲಿಸುತ್ತದೆ, ಸರಕನ್ನು ಬೇರೆ ದೇಶಕ್ಕೆ ತಿರುಗಿಸುತ್ತದೆ. ನೇರ ರಫ್ತು ಮಾಡದ ಸಣ್ಣ ಘಟಕಕ್ಕೆ ತನ್ನ ತಟ್ಟೆ ಯಾವ ದೇಶಕ್ಕೆ ಹೋಗುತ್ತದೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಬದಲಾವಣೆಯ ಸುದ್ದಿ ಅದಕ್ಕೆ ತಲುಪುವುದು ಎಲ್ಲರಿಗಿಂತ ಕೊನೆಗೆ.

ಉಳಿದ ಸುದ್ದಿಗಳು ಎಷ್ಟು ತಾಗುತ್ತವೆ?

ಜಿಎಸ್‌ಟಿ ಬದಲಾವಣೆಯಿಂದ ತಟ್ಟೆಗೆ ಏನೂ ಆಗಲಿಲ್ಲ. ಎಲೆ, ಹೂವು, ತೊಗಟೆಯಿಂದ ಮಾಡಿದ ತಟ್ಟೆ ಲೋಟಗಳ ಮೇಲಿನ 5 ಪ್ರತಿಶತ ತೆರಿಗೆಯನ್ನು 2019ರಲ್ಲೇ ಸೊನ್ನೆ ಮಾಡಲಾಗಿದೆ. ಸೊನ್ನೆ ತೆರಿಗೆ ಕೇಳಲು ಹಿತ, ಆದರೆ ಅದಕ್ಕೂ ಒಂದು ಬೆಲೆ ಇದೆ. ದೇಶದೊಳಗೆ ಮಾರುವಾಗ ಯಂತ್ರಕ್ಕೆ ಕೊಟ್ಟ ತೆರಿಗೆಯನ್ನು ಹಿಂದೆ ಪಡೆಯಲಾಗುವುದಿಲ್ಲ, ಅದು ತಟ್ಟೆಯ ಅಸಲಿಗೇ ಸೇರಿಕೊಳ್ಳುತ್ತದೆ.

ಹೊಸ ಕಾರ್ಮಿಕ ಸಂಹಿತೆಯಲ್ಲಿ ವಿದ್ಯುತ್ ಬಳಸುವ ಕಾರ್ಖಾನೆ ಎಂದು ಎಣಿಸಲು 20 ಕೆಲಸಗಾರರು ಬೇಕು. ಐದಾರು ಮಂದಿಯ ಘಟಕ ಆ ಮಿತಿಗೆ ಬರುವುದಿಲ್ಲ, ಕೂಲಿಗೆ ಸಂಬಂಧಿಸಿದ ನಿಯಮಗಳು ಮಾತ್ರ ಎಲ್ಲರಿಗೂ ಇವೆ.

2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ವ್ಯಾಖ್ಯೆಯೇ ಬದಲಾಗಿದ್ದು ಹೆಚ್ಚು ಗಮನಿಸಬೇಕಾದ ವಿಷಯ. ಅತಿಸಣ್ಣ ಎನಿಸಿಕೊಳ್ಳಲು ಹೂಡಿಕೆಯ ಮಿತಿ 1 ಕೋಟಿಯಿಂದ 2.5 ಕೋಟಿ ರೂಪಾಯಿಗೆ, ವಹಿವಾಟಿನ ಮಿತಿ 5 ಕೋಟಿಯಿಂದ 10 ಕೋಟಿಗೆ ಏರಿದೆ. ಬೆಳೆಯುವ ಉದ್ಯಮಕ್ಕೆ ಇದು ಒಳ್ಳೆಯದು. ಆದರೆ ಶಿರಸಿಯ ನಾಲ್ಕು ಯಂತ್ರದ ಘಟಕ ಮೊದಲೂ ಅತಿಸಣ್ಣವೇ, ಈಗಲೂ ಅತಿಸಣ್ಣವೇ. ಅದರ ಪಂಕ್ತಿಗೆ ಈಗ ಅದಕ್ಕಿಂತ ಹಲವು ಪಟ್ಟು ದೊಡ್ಡವರು ಬಂದು ಕುಳಿತಿದ್ದಾರೆ. ಅತಿಸಣ್ಣವರಿಗೆಂದು ಇಟ್ಟ ರಿಯಾಯಿತಿಗೆ ಪೈಪೋಟಿ ಹೆಚ್ಚುತ್ತದೆ.

ಮೌನವಾಗಿರೋಣ ಎನ್ನುವವರು, ಪರೀಕ್ಷಿಸೋಣ ಎನ್ನುವವರು

ಮುಂದೇನು ಎಂಬ ಪ್ರಶ್ನೆಗೆ ಜಿಲ್ಲೆಯಲ್ಲಿ ಒಂದೇ ಧ್ವನಿ ಇರಲು ಸಾಧ್ಯವಿಲ್ಲ, ಏಕೆಂದರೆ ಹಿತಗಳು ಒಂದೇ ಅಲ್ಲ.

ಅಡಿಕೆ ಬೆಳೆಗಾರನ ಆತಂಕ ನಿಜವಾದದ್ದು. ಅಡಿಕೆಯ ಮೇಲೆ ಆರೋಗ್ಯದ ಪ್ರಶ್ನೆ ಎದ್ದಾಗಲೆಲ್ಲ ಅವನಿಗೆ ಧಾರಣೆಯ ಚಿಂತೆ ಶುರುವಾಗುತ್ತದೆ. ಹಾಳೆಯನ್ನು ಪರೀಕ್ಷೆಗೆ ಕಳಿಸಿ, ಅರೆಕೋಲಿನ್ ಇಷ್ಟಿದೆ ಎಂಬ ವರದಿ ಬಂದರೆ ಅದು ಕಾಯಿಯ ಹೆಸರನ್ನೂ ಕೆಡಿಸುತ್ತದೆ ಎಂಬ ಭಯ ಅವನದು. ಹಾಳೆ ಅವನಿಗೆ ಉಪ ಆದಾಯ, ಕಾಯಿ ಬದುಕು. ತಟ್ಟೆ ಮಾಡುವವನಿಗೆ ಹಾಳೆಯೇ ಬದುಕು. ಪರೀಕ್ಷೆ ಇಲ್ಲದೆ ಅವನಿಗೆ ಮುಂದಿನ ದಾರಿಯೇ ಇಲ್ಲ.

ಇನ್ನೊಂದು ವಾದವೂ ಇದೆ: ಅಮೆರಿಕ ಹೋದರೆ ಹೋಗಲಿ, ಯುರೋಪ್ ಇದೆ, ದೇಶದೊಳಗಿನ ಮಾರುಕಟ್ಟೆ ಇದೆ. ಈ ವಾದದಲ್ಲಿ ಅರ್ಧ ಸತ್ಯವಿದೆ. ಯುರೋಪ್ ಒಕ್ಕೂಟದ 2004ರ ನಿಯಮವೂ ಆಹಾರ ತಾಗುವ ವಸ್ತುವಿನಿಂದ ಆರೋಗ್ಯಕ್ಕೆ ಅಪಾಯವಾಗುವ ಪ್ರಮಾಣದಲ್ಲಿ ಏನೂ ಆಹಾರಕ್ಕೆ ಇಳಿಯಬಾರದು ಎನ್ನುತ್ತದೆ. ಇಂದು ಅಮೆರಿಕ ಕೇಳಿದ ಪ್ರಶ್ನೆಯನ್ನು ನಾಳೆ ಅಲ್ಲಿಯ ಖರೀದಿದಾರನೂ ಕೇಳುತ್ತಾನೆ. ನಮ್ಮ ಮದುವೆ ಮನೆಯಲ್ಲಿ ಉಣ್ಣುವವರಿಗೂ ಅದೇ ಪ್ರಶ್ನೆ ಕೇಳುವ ಹಕ್ಕಿದೆ. ತಟ್ಟೆ ನಿರಪಾಯವಾಗಿದ್ದರೆ ಅದನ್ನು ತಿಳಿಯಬೇಕು, ಇಲ್ಲವಾದರೆ ಅದನ್ನು ಇನ್ನೂ ಬೇಗ ತಿಳಿಯಬೇಕು. ಮೌನದಿಂದ ಬೆಳೆಗಾರನಿಗೂ ರಕ್ಷಣೆ ಸಿಗುವುದಿಲ್ಲ. ನಮ್ಮ ಕೈಯಲ್ಲಿ ಅಂಕಿ ಇಲ್ಲದಿದ್ದರೆ ಬೇರೆಯವರ ಅಂಕಿಯೇ ಚಲಾವಣೆಗೆ ಬರುತ್ತದೆ.

ಪರೀಕ್ಷೆ ಎಂದರೆ ಏನು ಮಾಡಬೇಕು?

ಆಹಾರಕ್ಕೆ ಏನು ಇಳಿಯುತ್ತದೆ ಎಂದು ನೋಡಲು ಪ್ರಯೋಗಾಲಯಗಳು ಅನ್ನ ಸಾರು ಬಡಿಸುವುದಿಲ್ಲ. ಆಹಾರದ ಬದಲಿಗೆ ಗೊತ್ತುಪಡಿಸಿದ ದ್ರಾವಣಗಳನ್ನು ಬಳಸುತ್ತವೆ. ಯುರೋಪಿನ ಪದ್ಧತಿಯಲ್ಲಿ 10 ಪ್ರತಿಶತ ಎಥನಾಲ್, 3 ಪ್ರತಿಶತ ಅಸಿಟಿಕ್ ಆಮ್ಲ, ಸಸ್ಯಜನ್ಯ ಎಣ್ಣೆ. ನಮ್ಮ ಪಂಕ್ತಿಯ ಭಾಷೆಗೆ ತಂದರೆ ನೀರಾದ ಸಾರು, ಹುಳಿಯಾದ ತಂಬುಳಿ, ಎಣ್ಣೆಯಲ್ಲಿ ಕರಿದ ಹಪ್ಪಳ. ಇವನ್ನು ಇಂತಿಷ್ಟು ಬಿಸಿಯಲ್ಲಿ ಇಂತಿಷ್ಟು ಹೊತ್ತು ತಟ್ಟೆಯಲ್ಲಿಟ್ಟು, ದ್ರಾವಣಕ್ಕೆ ಏನು ಸೇರಿತು ಎಂದು ಅಳೆಯುತ್ತಾರೆ.

ಅರೆಕೋಲಿನ್ ನೀರಿನಲ್ಲಿ ಸುಲಭವಾಗಿ ಕರಗುವ ಪದಾರ್ಥ. ಅದು ನೀರಿನಲ್ಲಿ ಕರಗುವುದಾದರೆ, ಒತ್ತುವ ಮುಂಚೆ ಹಾಳೆಯನ್ನು ನೆನೆಸಿ ತೊಳೆಯುವ ಹಂತದಲ್ಲೇ ಒಂದಷ್ಟು ಹೊರಗೆ ಹೋಗಬಹುದಲ್ಲವೇ? ಅರ್ಧ ಗಂಟೆ ನೆನೆಸುವ ಬದಲು ಮೂರು ಗಂಟೆ ನೆನೆಸಿದರೆ? ನೀರನ್ನು ಎರಡು ಸಲ ಬದಲಿಸಿದರೆ? ಬಿಸಿನೀರು ಬಳಸಿದರೆ? ಅಚ್ಚಿನ ಬಿಸಿ ಹೆಚ್ಚಿಸಿದರೆ? ಇವು ಊಹೆಯಿಂದ ಉತ್ತರಿಸುವ ಪ್ರಶ್ನೆಗಳಲ್ಲ, ಆದರೆ ಕೆಲವು ಮಾದರಿಗಳನ್ನು ಸಾಲಾಗಿ ಪರೀಕ್ಷಿಸಿದರೆ ಉತ್ತರ ಸಿಗುವ ಪ್ರಶ್ನೆಗಳು. ಇಡೀ ಸಮಸ್ಯೆಗೆ ಪರಿಹಾರ ತೊಟ್ಟಿಯ ನೀರಿನಲ್ಲೇ ಇರುವ ಸಾಧ್ಯತೆಯನ್ನು ಪರೀಕ್ಷಿಸದೆ ಬಿಡುವುದು ದೊಡ್ಡ ನಷ್ಟ.

ಜೊತೆಗೆ ತೋಟದ ಕಡೆಯ ಪ್ರಶ್ನೆಯೂ ಇದೆ. ಕೊಳೆರೋಗ ತಡೆಯಲು ನಮ್ಮ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಎಲೆಚುಕ್ಕೆ ರೋಗ ಹಬ್ಬಿದ ಮೇಲೆ ಬೇರೆ ಶಿಲೀಂಧ್ರನಾಶಕಗಳೂ ತೋಟಕ್ಕೆ ಬಂದಿವೆ. ಸಿಂಪಡಿಸಿದ ತಿಂಗಳೊಳಗೆ ಬಿದ್ದ ಹಾಳೆ ಮತ್ತು ಬೇಸಿಗೆಯಲ್ಲಿ ಬಿದ್ದ ಹಾಳೆ ಒಂದೇ ಅಲ್ಲ. ಆದರೆ ಗೋದಾಮಿನಲ್ಲಿ ಎರಡೂ ಒಂದೇ ರಾಶಿ. ಯಾವ ತೋಟದ್ದು, ಯಾವಾಗ ಆರಿಸಿದ್ದು ಎಂದು ಕಟ್ಟಿನ ಮೇಲೆ ಬರೆದಿಡುವ ರೂಢಿ ಇಲ್ಲದೇ ಹೋದರೆ ಪರೀಕ್ಷಾ ವರದಿ ಒಂದು ಮಾದರಿಗಷ್ಟೇ ಸಲ್ಲುತ್ತದೆ, ಇಡೀ ಸರಕಿಗೆ ಸಲ್ಲುವುದಿಲ್ಲ.

ಯೋಜನೆಗಳ ದೃಷ್ಟಿ ಯಂತ್ರದ ಮೇಲೆ

ಸರ್ಕಾರದ ನೆರವು ಇಲ್ಲವೆಂದಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗಿನ ತಯಾರಿಕಾ ಘಟಕಕ್ಕೆ ಗ್ರಾಮೀಣ ಭಾಗದಲ್ಲಿ ಸಾಮಾನ್ಯ ವರ್ಗಕ್ಕೆ 25 ಪ್ರತಿಶತ, ಮಹಿಳೆಯರೂ ಸೇರಿ ವಿಶೇಷ ವರ್ಗಗಳಿಗೆ 35 ಪ್ರತಿಶತ ಸಹಾಯಧನವಿದೆ. ಗುಣಮಟ್ಟದ ‘ಝೆಡ್’ ಪ್ರಮಾಣಪತ್ರದ ಶುಲ್ಕದಲ್ಲಿ ಅತಿಸಣ್ಣ ಘಟಕಕ್ಕೆ 80 ಪ್ರತಿಶತ ರಿಯಾಯಿತಿ ಇದೆ. ಆದರೆ ಈ ಪಟ್ಟಿಯನ್ನು ತಟ್ಟೆ ಘಟಕದ ಇಂದಿನ ಕಷ್ಟದ ಪಕ್ಕ ಇಟ್ಟು ನೋಡಿ. ಹೊಸ ಘಟಕ ತೆರೆಯಲು ಹಣವಿದೆ, ಯಂತ್ರ ಕೊಳ್ಳಲು ಹಣವಿದೆ. ಇರುವ ಯಂತ್ರಕ್ಕೆ ಕೆಲಸವಿಲ್ಲದಾಗ ಮತ್ತೊಂದು ಯಂತ್ರ ಪರಿಹಾರವಾಗುವುದಿಲ್ಲ. ಅದೇ ಸಹಾಯಧನದಿಂದ ಇನ್ನಷ್ಟು ಘಟಕಗಳು ಹುಟ್ಟಿದರೆ ಕುಗ್ಗಿದ ಮಾರುಕಟ್ಟೆಯನ್ನೇ ಹೆಚ್ಚು ಜನ ಹಂಚಿಕೊಳ್ಳಬೇಕಾಗುತ್ತದೆ, ಬೆಲೆ ಇನ್ನೂ ಬೀಳುತ್ತದೆ.

ಒಂದೇ ಕಸುಬಿನವರನ್ನು ಗುಂಪಾಗಿ ಬೆಳೆಸುವ ಕ್ಲಸ್ಟರ್ ಯೋಜನೆ ಹೆಚ್ಚು ಹತ್ತಿರಕ್ಕೆ ಬರುತ್ತದೆ. ಸಾಂಪ್ರದಾಯಿಕ ಉದ್ಯಮಗಳ ಸ್ಫೂರ್ತಿ ಯೋಜನೆಯಲ್ಲಿ 500 ಮಂದಿಯವರೆಗಿನ ಗುಂಪಿಗೆ 2.5 ಕೋಟಿ ರೂಪಾಯಿ, ಅದಕ್ಕಿಂತ ದೊಡ್ಡ ಗುಂಪಿಗೆ 5 ಕೋಟಿ ರೂಪಾಯಿವರೆಗೆ ನೆರವು ಸಿಗುತ್ತದೆ. ಒಣಗಿಸುವ ಕೋಣೆ, ತೇವ ಅಳೆಯುವ ಸಲಕರಣೆ, ಮಾದರಿ ಪರೀಕ್ಷೆಯ ವ್ಯವಸ್ಥೆ, ಕಡತ ನೋಡಿಕೊಳ್ಳುವ ಒಬ್ಬ ತಂತ್ರಜ್ಞ: ಇವೆಲ್ಲ ಬೇಕಿರುವುದು ಹಂಚಿಕೊಂಡು ಬಳಸಲು. ಆದರೆ ಕ್ಲಸ್ಟರ್ ಅರ್ಜಿ ಹಾಕಲು ಮೊದಲು ಒಂದು ಸಂಸ್ಥೆ ಕಟ್ಟಿರಬೇಕು, ಯೋಜನಾ ವರದಿ ಬೇಕು, ಪಾಲು ಹಣ ಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರ ಇರುವುದು ಕಾರವಾರದಲ್ಲಿ. ಸಿದ್ದಾಪುರದ ಹಳ್ಳಿಯಿಂದ ಘಟ್ಟ ಇಳಿದು ಹೋಗಿ ಬರುವುದು ಒಂದು ಇಡೀ ದಿನದ ಕೆಲಸ, ಆ ದಿನ ಯಂತ್ರ ನಿಂತಿರುತ್ತದೆ. ದೂರವೂ ಒಂದು ಖರ್ಚು ಎಂಬುದನ್ನು ಯೋಜನೆ ಬರೆಯುವವರು ಲೆಕ್ಕಕ್ಕೆ ಹಿಡಿಯಬೇಕು.

ಒಬ್ಬರಿಂದ ಆಗದ ಕೆಲಸ

ಅಮೆರಿಕದ ಬಾಗಿಲು ಮತ್ತೆ ತೆರೆಯಲು ಎರಡು ದಾರಿಗಳಿವೆ, ಇವುಗಳ ವ್ಯತ್ಯಾಸ ನಮ್ಮಲ್ಲಿ ಹೆಚ್ಚು ಚರ್ಚೆಗೆ ಬಂದಿಲ್ಲ. ಒಂದು, ಆಹಾರ ತಾಗುವ ವಸ್ತುವಿನ ಅಧಿಸೂಚನೆ ಸಲ್ಲಿಸುವುದು. 120 ದಿನಗಳಲ್ಲಿ ಎಫ್‌ಡಿಎ ಆಕ್ಷೇಪಿಸದಿದ್ದರೆ ಅದು ಜಾರಿಗೆ ಬರುತ್ತದೆ. ಆದರೆ ಅದರ ಫಲ ಅರ್ಜಿಯಲ್ಲಿ ಹೆಸರಿರುವ ತಯಾರಕನಿಗೆ ಮಾತ್ರ. ಇನ್ನೊಂದು, ಪೂರ್ಣ ಪ್ರಮಾಣದ ಮನವಿ ಸಲ್ಲಿಸುವುದು. ಅದು ದೀರ್ಘ, ದುಬಾರಿ. ಆದರೆ ಅದರಿಂದ ಹೊರಡುವ ನಿಯಮವನ್ನು ಷರತ್ತು ಪಾಲಿಸುವ ಎಲ್ಲರೂ ಬಳಸಬಹುದು.

ಇದರ ಪರಿಣಾಮ ಏನೆಂದು ಯೋಚಿಸಿದರೆ ಗಾಬರಿಯಾಗುತ್ತದೆ. ಹಣವಿರುವ ಒಂದು ದೊಡ್ಡ ಕಂಪನಿ ಮೊದಲ ದಾರಿ ಹಿಡಿದು ಅನುಮತಿ ಪಡೆಯಿತು ಎಂದಿಟ್ಟುಕೊಳ್ಳಿ. ಆಗ ಅಮೆರಿಕಕ್ಕೆ ತಟ್ಟೆ ಕಳಿಸುವ ಹಕ್ಕು ಆ ಕಂಪನಿಯ ಬಳಿ ಉಳಿಯುತ್ತದೆ. ಉಳಿದವರೆಲ್ಲ ಅದಕ್ಕೆ ಹಾಳೆ ಒದಗಿಸುವ ಕೂಲಿ ಘಟಕಗಳಾಗುತ್ತಾರೆ. ಅರ್ಜಿದಾರನೇ ತಯಾರಕರ ಸಹಕಾರ ಸಂಘವಾಗಿದ್ದು, ಸದಸ್ಯರೆಲ್ಲ ಒಂದೇ ವಿಧಾನದಲ್ಲಿ ತಟ್ಟೆ ಮಾಡಿ ಸಂಘದ ಹೆಸರಿನಲ್ಲೇ ಕಳಿಸುವಂತಿದ್ದರೆ ಚಿತ್ರವೇ ಬೇರೆ. ವಿಜ್ಞಾನ ಅನುಕೂಲಕರವಾಗಿ ಬಂದರೆ ಮಾತ್ರ ಈ ಮಾತು, ಅದನ್ನು ಮರೆಯಬಾರದು.

ಒಟ್ಟುಗೂಡುವುದು ಈ ಸೀಮೆಗೆ ಹೊಸತಲ್ಲ. ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಶಿರಸಿಯಲ್ಲಿ ಹುಟ್ಟಿದ್ದು 1923ರಲ್ಲಿ. ಒಬ್ಬೊಬ್ಬ ಬೆಳೆಗಾರ ವ್ಯಾಪಾರಿಯ ಮುಂದೆ ಒಂಟಿಯಾಗಿ ನಿಂತರೆ ಏನಾಗುತ್ತದೆ ಎಂಬ ಅನುಭವದಿಂದಲೇ ಇಂಥ ಸಂಘಗಳು ಬೆಳೆದವು. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೂ ಸಂಘಟಿತವಾಗಿ ದಾಖಲೆ ಕೂಡಿಸಿದ್ದರಿಂದ. ಅಡಿಕೆ ಬೆಳೆಯುವವರಿಗೆ ನೂರು ವರ್ಷದ ಸಂಘ ಇರುವಲ್ಲಿ ಹಾಳೆ ತಟ್ಟೆ ಮಾಡುವವರು ಇನ್ನೂ ಚದುರಿದ್ದಾರೆ. ಇರುವ ಸಹಕಾರ ಸಂಘಗಳೇ ಮುಂದೆ ಬಂದು ತಯಾರಕರ ವಿಭಾಗ ತೆರೆಯಬಹುದು. ಶಿರಸಿಯಲ್ಲೇ ಅರಣ್ಯ ಮಹಾವಿದ್ಯಾಲಯವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಆಹಾರ ಪರೀಕ್ಷೆಗೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಇದೆ. ನಾಲ್ಕು ಯಂತ್ರದ ಮಾಲೀಕ ಈ ಮೂರೂ ಕಡೆ ಅಲೆಯಲಾರ, ಅವನ ಪರವಾಗಿ ಅಲೆಯುವ ಒಬ್ಬರು ಬೇಕು.

ಸಾಲ ಕುಸಿಯುವ ಮುಂಚೆ

ಪರೀಕ್ಷೆಗೆ ತಿಂಗಳುಗಳು ಹಿಡಿಯುತ್ತವೆ. ಬ್ಯಾಂಕಿನ ಕಂತು ಅಷ್ಟು ಕಾಯುವುದಿಲ್ಲ. ಕಂತು ತಪ್ಪಿ 90 ದಿನ ದಾಟಿದರೆ ಸಾಲ ಅನುತ್ಪಾದಕವಾಗುತ್ತದೆ, ಆಮೇಲೆ ಹೊಸ ಸಾಲವೂ ಹುಟ್ಟುವುದಿಲ್ಲ.

ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ರಕ್ಷಣೆ ಇದೆ. ಸಂಕಷ್ಟದಲ್ಲಿರುವ ಸಣ್ಣ ಉದ್ಯಮಗಳ ಪುನಶ್ಚೇತನಕ್ಕಾಗಿ ಕೇಂದ್ರ ಸರ್ಕಾರ 2015ರಲ್ಲಿ ಒಂದು ಚೌಕಟ್ಟು ಪ್ರಕಟಿಸಿತು, ರಿಸರ್ವ್ ಬ್ಯಾಂಕ್ 2016ರಲ್ಲಿ ಅದನ್ನು ಬ್ಯಾಂಕುಗಳಿಗೆ ಅನ್ವಯಿಸಿತು. 25 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಇದು ಸಲ್ಲುತ್ತದೆ. ಸಾಲ ಪೂರ್ತಿ ಕೆಡುವ ಮುಂಚೆಯೇ ಬ್ಯಾಂಕು ರಚಿಸುವ ಸಮಿತಿಯ ಮುಂದೆ ಇಟ್ಟು, ಕಂತು ಮರುಹೊಂದಿಸುವುದು ಸೇರಿದಂತೆ ಪರಿಹಾರ ಹುಡುಕಬೇಕು ಎಂಬುದು ಅದರ ತಿರುಳು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಈ ಚೌಕಟ್ಟು ಬ್ಯಾಂಕುಗಳನ್ನು ಬದ್ಧಗೊಳಿಸುತ್ತದೆ ಎಂದಿತು. ಜೊತೆಗೇ ಉದ್ಯಮಿಯೂ ಎಚ್ಚರವಾಗಿದ್ದು, ತಾನು ಸಣ್ಣ ಉದ್ಯಮ ಎಂಬುದನ್ನು ದಾಖಲೆ ಸಹಿತ ಬ್ಯಾಂಕಿನ ಮುಂದೆ ಇಡಬೇಕು ಎಂದೂ ಹೇಳಿತು. ಅಂದರೆ ಸಣ್ಣ ಉದ್ಯಮವೆಂದು ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪತ್ರವನ್ನು ಲಗತ್ತಿಸಿ, ಆರ್ಡರ್ ನಿಂತ ಕಾರಣವನ್ನು ವಿವರಿಸಿ, ಕಂತು ತಪ್ಪುವ ಮೊದಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಇದು ವಾಣಿಜ್ಯ ಬ್ಯಾಂಕುಗಳ ಸಾಲಕ್ಕೆ. ಪ್ರಾಥಮಿಕ ಸಹಕಾರ ಸಂಘದಲ್ಲಿ ಸಾಲ ಇರುವವರು ಆಡಳಿತ ಮಂಡಳಿಯ ಬಳಿಯೇ ಹೋಗಬೇಕು.

ಬರಬೇಕಾದ ಬಾಕಿಯ ವಿಷಯದಲ್ಲೂ ಕಾನೂನು ಇದೆ. ಲಿಖಿತ ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಖರೀದಿದಾರ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಗೊತ್ತುಪಡಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದ ಪ್ರಕಾರ, ಗಡುವಿನೊಳಗೆ ಕೊಡದ ಹಣವನ್ನು ಖರೀದಿದಾರ ನಿಜವಾಗಿ ಪಾವತಿಸುವ ತನಕ ತನ್ನ ಖರ್ಚಾಗಿ ತೋರಿಸುವಂತಿಲ್ಲ. ನೋಂದಣಿ ಇದ್ದರೆ ಮಾತ್ರ ಈ ಬಲ ಸಿಗುತ್ತದೆ. ನೋಂದಣಿ ಇಲ್ಲದವರಿಂದಲೇ ಕೊಳ್ಳೋಣ ಎಂದು ಖರೀದಿದಾರರು ಜಾರಿಕೊಳ್ಳುವ ಅಪಾಯವೂ ಇದೆ. ಇದಕ್ಕೂ ಒಂಟಿ ಘಟಕದಲ್ಲಿ ಉತ್ತರವಿಲ್ಲ, ಎಲ್ಲರೂ ನೋಂದಾಯಿಸಿಕೊಂಡರೆ ಜಾರಿಕೊಳ್ಳುವ ದಾರಿ ಕಿರಿದಾಗುತ್ತದೆ.

ಘಟ್ಟದ ಕೆಳಗೂ ಇದೇ ಕಥೆ

ಕುಮಟಾ, ಅಂಕೋಲಾ ಕಡೆಯ ಗೇರುಬೀಜ ಕಾರ್ಖಾನೆಗಳನ್ನು ನೋಡಿದರೆ ಇದು ತಟ್ಟೆಗೆ ಮಾತ್ರ ಬಂದ ಕಷ್ಟವಲ್ಲ ಎಂದು ಗೊತ್ತಾಗುತ್ತದೆ. ದೇಶದ ಗೇರು ಸಂಸ್ಕರಣೆಗೆ ಸ್ಥಳೀಯ ಬೆಳೆ ಸಾಲದು, ಆಫ್ರಿಕಾದಿಂದ ಹಸಿ ಬೀಜ ಬರಬೇಕು. ಬೆನಿನ್ ದೇಶ 2024ರ ಏಪ್ರಿಲ್‌ನಿಂದ ಹಸಿ ಬೀಜದ ರಫ್ತನ್ನೇ ನಿಲ್ಲಿಸಿತು, ತನ್ನಲ್ಲೇ ಸಂಸ್ಕರಿಸುವ ಉದ್ದೇಶದಿಂದ. ಸಾವಿರಾರು ಮೈಲಿ ಆಚೆಯ ಸರ್ಕಾರದ ತೀರ್ಮಾನ ಇಲ್ಲಿ ಬೀಜ ಸುಲಿಯುವ ಹೆಂಗಸರ ವಾರದ ಕೂಲಿಯನ್ನು ಬದಲಿಸುತ್ತದೆ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ 66 ನಿಂತಿತು. ಮೂರು ವಾರದಲ್ಲಿ, ಆಗಸ್ಟ್ 7ರಂದು, ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಮೀನು, ಮಂಜುಗಡ್ಡೆ, ಗೇರು, ತಟ್ಟೆ ಎಲ್ಲವೂ ಸಾಗುವುದು ಇಂಥ ಕೆಲವೇ ರಸ್ತೆಗಳ ಮೇಲೆ. ಸರಕು ಕೆಡದಂತೆ ಕಾಪಾಡುವ ಗೋದಾಮು, ಶೈತ್ಯಾಗಾರಗಳು ಈ ಜಿಲ್ಲೆಯಲ್ಲಿ ಐಷಾರಾಮವಲ್ಲ, ಮಳೆಗಾಲದ ವಿಮೆ.

ಮುಂದಿನ ಹಾಳೆ ಬೀಳುವ ಮುಂಚೆ

ದೇಶದೊಳಗಿನ ಮಾರುಕಟ್ಟೆ ಚಿಕ್ಕದಲ್ಲ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧವಿದೆ. ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಕೃಷಿ ಉಪಉತ್ಪನ್ನಗಳಿಂದ ಮಾಡಿದ ಊಟದ ತಟ್ಟೆ ಬಟ್ಟಲುಗಳಿಗೆಂದೇ ಐಎಸ್ 18267 ಎಂಬ ಮಾನದಂಡ ಹೊರಡಿಸಿದೆ. ಎಲೆ, ಹಾಳೆಗಳಿಂದ ಬಿಸಿ ಅಚ್ಚಿನಲ್ಲಿ ಮಾಡಿದ ತಟ್ಟೆಗಳೂ ಅದರಲ್ಲಿ ಬರುತ್ತವೆ. ರಾಸಾಯನಿಕ, ಅಂಟುಗಳ ಬಳಕೆ ಬೇಡ ಎನ್ನುತ್ತದೆ, ಸ್ವಚ್ಛತೆ ಮತ್ತು ಕಾರ್ಯಕ್ಷಮತೆಯ ಅಗತ್ಯಗಳನ್ನು ಹೇಳುತ್ತದೆ. ಇದು ಕಡ್ಡಾಯವಲ್ಲ. ಆದರೆ ದೇವಸ್ಥಾನದ ದಾಸೋಹ, ಅಡುಗೆ ಗುತ್ತಿಗೆದಾರರು, ಸರ್ಕಾರಿ ಕಾರ್ಯಕ್ರಮಗಳಿಗೆ ತಟ್ಟೆ ಕೊಡುವಾಗ ಈ ಗುರುತಿದ್ದರೆ ಬೆಲೆಯ ಮಾತು ಸುಲಭವಾಗುತ್ತದೆ. ಸ್ಥಳೀಯ ಸಂಸ್ಥೆಗಳು ತಮ್ಮ ಖರೀದಿಯಲ್ಲಿ ಈ ಮಾನದಂಡ ಕೇಳಲು ಶುರು ಮಾಡಿದರೆ ಘಟಕಗಳು ಅದರತ್ತ ಹೋಗಲು ಕಾರಣವೂ ಸಿಗುತ್ತದೆ. ಉಳಿದ ಹಾಳೆಗೆ ಊಟಕ್ಕೆ ಸಂಬಂಧವಿಲ್ಲದ ದಾರಿಗಳಿವೆ: ಪುಡಿ ಮಾಡಿ ಜಾನುವಾರಿನ ಒಣ ಮೇವಿಗೆ, ಪೊಟ್ಟಣಗಳ ತಟ್ಟೆಗೆ, ಅಲಂಕಾರದ ವಸ್ತುಗಳಿಗೆ. ಲಾಭ ಕಡಿಮೆ, ಆದರೆ ಗೋದಾಮಿನ ರಾಶಿ ಬೂಷ್ಟು ಹಿಡಿಯುವುದಕ್ಕಿಂತ ಮೇಲು.

ಪ್ರತಿ ವರ್ಷ ಡಿಸೆಂಬರ್‌ಗೆ ಮತ್ತೆ ಹಾಳೆ ಆರಿಸುವ ಕಾಲ ಬರುತ್ತದೆ. ಎಷ್ಟು ಕೊಳ್ಳಬೇಕು ಎಂಬ ಲೆಕ್ಕವನ್ನು ಹಿಂದಿನ ವರ್ಷದ ಆರ್ಡರಿನ ಮೇಲೆ ಹಾಕದೆ, ಕೈಯಲ್ಲಿ ಬರೆಸಿಕೊಂಡ ಬೇಡಿಕೆಯ ಮೇಲೆ ಹಾಕಬೇಕು. ತಟ್ಟೆ ಕೊನೆಗೆ ಯಾವ ದೇಶಕ್ಕೆ ಹೋಗುತ್ತದೆ ಎಂದು ಮಧ್ಯವರ್ತಿಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಹತ್ತು ಘಟಕಗಳು ಸೇರಿ ಮೂರು ಬಗೆಯಲ್ಲಿ ನೆನೆಸಿದ ಹಾಳೆಯ ತಟ್ಟೆಗಳನ್ನು ಒಂದೇ ಪ್ರಯೋಗಾಲಯಕ್ಕೆ ಕಳಿಸಿದರೆ ತಲಾ ಖರ್ಚು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಮೊದಲ ಕಟ್ಟು ಗೋದಾಮಿಗೆ ಬಂದ ದಿನವೇ ಅದರ ಮೇಲೆ ತೋಟದ ಹೆಸರು, ಆರಿಸಿದ ತಾರೀಕು, ಕೊನೆಯ ಸಿಂಪಡಣೆಯ ತಿಂಗಳು ಬರೆದ ಚೀಟಿ ಅಂಟಿಸುವುದಕ್ಕೆ ಯಾವ ಯೋಜನೆಯ ಮಂಜೂರಾತಿಯೂ ಬೇಕಿಲ್ಲ.